ಹದಿಹರೆಯದ ಮಕ್ಕಳ ನಿದ್ದೆ, ಹಗಲಿನ ಬೆಳಕು: ಕೊಡಗಿನ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಡಗಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಪೋಷಕರ ಸಭೆಯಲ್ಲಿ ಮಾರ್ಕ್ಸ್ ಮಾತೆಲ್ಲ ಮುಗಿದು, ಕೊಡೆ ಎತ್ತಿಕೊಂಡು ಹೊರಡುವ ಹೊತ್ತಿಗೆ ತಾಯಂದಿರು ತಡೆದು ಕೇಳುವುದು ನಿದ್ದೆಯ ವಿಷಯ. ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ವಾಟ್ಸಾಪಿನಲ್ಲಿ ಕೇಳಿದ್ದೂ ಇದೆ. ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಮಕ್ಕಳೇ ಬರೆದು ಕೊಟ್ಟಿದ್ದೂ ಇದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

## ಮೊದಲು ಕೇಳುವ ಪ್ರಶ್ನೆಗಳು

ಮಗನಿಗೆ ಹದಿನೈದು ವರ್ಷ. ಎಷ್ಟು ಗಂಟೆ ಮಲಗಬೇಕು ಅಂತ ಸರಿಯಾಗಿ ಹೇಳಿ ಮೇಡಂ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ ಲೆಕ್ಕ ಇದು. 6ರಿಂದ 12 ವರ್ಷದ ಮಕ್ಕಳಿಗಾದರೆ 9ರಿಂದ 12 ಗಂಟೆ.

ಇಲ್ಲಿ ಒಂದು ವಿಷಯ ಗಮನಿಸಿ. ಹಾಸಿಗೆಯಲ್ಲಿ ಬಿದ್ದುಕೊಂಡ ಹೊತ್ತೆಲ್ಲ ನಿದ್ದೆ ಅಲ್ಲ. ಬೆಳಿಗ್ಗೆ ಆರಕ್ಕೆ ಏಳಬೇಕಾದ ಹುಡುಗ ರಾತ್ರಿ ಹತ್ತಕ್ಕೆ ನಿದ್ದೆ ಹೋದರೂ ಸಿಗುವುದು ಬರೀ 8 ಗಂಟೆ. ಹನ್ನೊಂದೂವರೆಗೆ ಮಲಗಿದರೆ ಆರೂವರೆ. ದಿನಕ್ಕೆ ಒಂದೂವರೆ ಗಂಟೆ ಕಡಿಮೆಯಾದರೆ ಶಾಲೆಯ ಆರು ದಿನ ಮುಗಿಯುವಷ್ಟರಲ್ಲಿ ಒಂಬತ್ತು ಗಂಟೆ ಸಾಲ. ಅಂದರೆ ಒಂದು ಇಡೀ ರಾತ್ರಿ!

ರಾತ್ರಿ ಹನ್ನೊಂದಾದರೂ ನಿದ್ದೆ ಬರಲ್ಲ ಅಂತಾನೆ. ಸುಳ್ಳು ಹೇಳ್ತಿದ್ದಾನಾ?

ಬಹುತೇಕ ನಿಜವನ್ನೇ ಹೇಳುತ್ತಿದ್ದಾನೆ. ಪ್ರಾಯಕ್ಕೆ ಬರುವ ಹೊತ್ತಿಗೆ ಮೈಯೊಳಗಿನ ಗಡಿಯಾರ ಒಂದೆರಡು ಗಂಟೆ ಹಿಂದಕ್ಕೆ ಸರಿಯುತ್ತದೆ. ರಾತ್ರಿಯಾಯಿತು ಎಂದು ಮೈಗೆ ತಿಳಿಸುವುದು ಮೆಲಟೋನಿನ್ ಎಂಬ ಹಾರ್ಮೋನು. ಚಿಕ್ಕ ವಯಸ್ಸಿನಲ್ಲಿ ಎಂಟೂವರೆಗೇ ಶುರುವಾಗುತ್ತಿದ್ದದ್ದು ಈಗ ಹತ್ತಕ್ಕೋ ಹತ್ತೂವರೆಗೋ ಶುರುವಾಗಬಹುದು. ಇನ್ನೊಂದು ಬದಲಾವಣೆಯೂ ಆಗುತ್ತದೆ. ಎಚ್ಚರ ಇದ್ದಷ್ಟೂ ನಿದ್ದೆಯ ಒತ್ತಡ ಏರುತ್ತಾ ಹೋಗುತ್ತದಲ್ಲ, ಅದು ಈ ವಯಸ್ಸಿನಲ್ಲಿ ನಿಧಾನವಾಗಿ ಏರುತ್ತದೆ. ಹಾಗಾಗಿ ಒಂಬತ್ತಕ್ಕೇ ತೂಕಡಿಸುತ್ತಿದ್ದ ಮಗು ಈಗ ಹನ್ನೊಂದಕ್ಕೂ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್‌ಕ್ಯಾಡನ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು.

ಈ ತಡ ಇಪ್ಪತ್ತು ವರ್ಷದ ಸುಮಾರಿಗೆ ತುದಿ ಮುಟ್ಟಿ, ಆಮೇಲೆ ನಿಧಾನಕ್ಕೆ ಕಡಿಮೆಯಾಗುತ್ತದೆ. ದಯವಿಟ್ಟು ಅವನನ್ನು ಸೋಮಾರಿ ಅಂತ ಕರೆಯಬೇಡಿ. ಹಾಗಂತ ಏನೂ ಮಾಡಲಾಗದು ಎಂದೂ ಅಲ್ಲ. ಮೈ ಒಂದು ಗಂಟೆ ತಡ ಮಾಡಿದರೆ, ಅದನ್ನು ಮೂರು ಗಂಟೆ ಮಾಡುವುದು ನಮ್ಮ ಮನೆಯ ದೀಪ, ಮೊಬೈಲು, ಸಂಜೆಯ ಕಾಫಿ.

ನಮ್ಮ ಕಾಲದಲ್ಲಿ ಕೋಳಿ ಕೂಗೋ ಹೊತ್ತಿಗೆ ಏಳ್ತಿದ್ವಿ. ಈಗಿನ ಮಕ್ಕಳಿಗೆ ಏನಾಗಿದೆ?

ಇದನ್ನು ಕೇಳಿದವರು ಒಬ್ಬ ಅಜ್ಜ. ಅವರನ್ನೇ ಮರಳಿ ಕೇಳಿದೆ: ನಿಮ್ಮ ಮನೆಗೆ ಕರೆಂಟ್ ಬಂದದ್ದು ಯಾವಾಗ? ಶಾಲೆಗೆ ಹೇಗೆ ಹೋಗುತ್ತಿದ್ದಿರಿ? ಚಿಮಣಿ ದೀಪದಲ್ಲಿ ಓದಿ, ಗದ್ದೆ ಬದುವಿನ ಮೇಲೆ ನಡೆದು, ಸಂಜೆ ದನ ಹೊಡೆದುಕೊಂಡು ಬರುತ್ತಿದ್ದರಂತೆ. ಹಗಲೆಲ್ಲ ಬಯಲ ಬೆಳಕು, ರಾತ್ರಿ ಕತ್ತಲೆ. ಅವರ ಮೈಯಲ್ಲೂ ಗಡಿಯಾರ ಹಿಂದೆ ಸರಿದಿತ್ತು. ಆದರೆ ಅದನ್ನು ಎಳೆದು ಸರಿ ಮಾಡಲು ಸೂರ್ಯ ಇದ್ದ. ಈಗಿನ ಮಕ್ಕಳು ಹಗಲು ತರಗತಿಯ ಮಬ್ಬಿನಲ್ಲಿ, ರಾತ್ರಿ ಟ್ಯೂಬ್‌ಲೈಟಿನ ಕೆಳಗೆ. ಹಗಲಿಗೂ ರಾತ್ರಿಗೂ ವ್ಯತ್ಯಾಸವೇ ತಿಳಿಯದಂತೆ ನಾವು ಮಾಡಿಟ್ಟಿದ್ದೇವೆ.

ನಿದ್ದೆ ಸಾಕಾಗಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗೋದು?

ಅಲಾರಂ ಇಲ್ಲದ ದಿನ ಎಷ್ಟು ಹೊತ್ತಿಗೆ ಏಳುತ್ತಾರೆ ನೋಡಿ. ಶಾಲೆಯ ದಿನಕ್ಕಿಂತ ಎರಡು ಗಂಟೆಗೂ ಜಾಸ್ತಿ ಮಲಗಿದರೆ ವಾರವಿಡೀ ಸಾಲ ಇದೆ ಎಂದೇ ಅರ್ಥ. ಬಸ್ ಹತ್ತಿದ ಐದು ನಿಮಿಷಕ್ಕೆ ತಲೆ ವಾಲಿಸುವುದು, ಸಣ್ಣ ಮಾತಿಗೂ ರೇಗುವುದು, ಓದಿದ ಸಾಲನ್ನೇ ಮತ್ತೆ ಮತ್ತೆ ಓದುವುದು ಇನ್ನು ಕೆಲವು ಗುರುತು.

## ಬೆಳಕಿನ ಬಗ್ಗೆ

ಬೆಳಕಿಗೂ ನಿದ್ದೆಗೂ ಏನು ಸಂಬಂಧ? ಬೆಳಕು ಇರೋದು ನೋಡೋಕೆ ಅಲ್ವಾ?

ನೋಡುವುದಕ್ಕೂ ಹೌದು, ಹೊತ್ತು ತಿಳಿಯುವುದಕ್ಕೂ ಹೌದು. ಕಣ್ಣಿನ ಹಿಂಭಾಗದ ಪರದೆಯಲ್ಲಿ ಕೆಲವು ವಿಶೇಷ ಕೋಶಗಳಿವೆ. ಚಿತ್ರ ಕಾಣಿಸುವುದು ಅವುಗಳ ಮುಖ್ಯ ಕೆಲಸವಲ್ಲ. ಹೊರಗೆ ಎಷ್ಟು ಬೆಳಕಿದೆ ಎಂದು ಅಳೆದು ಮಿದುಳಿಗೆ ಕಳಿಸುತ್ತವೆ. ಅವುಗಳಲ್ಲಿ ಇರುವ ವರ್ಣದ್ರವ್ಯದ ಹೆಸರು ಮೆಲನಾಪ್ಸಿನ್. ಸುಮಾರು 480 ನ್ಯಾನೋಮೀಟರಿನ ನೀಲಿ ಬೆಳಕಿಗೆ ಅದು ತುಂಬಾ ಸೂಕ್ಷ್ಮ. ಹಗಲಿನ ಆಕಾಶದಲ್ಲಿ ಆ ನೀಲಿ ಧಾರಾಳವಾಗಿದೆ, ಮೋಡ ಕವಿದಿದ್ದರೂ ಸಹ. ಈ ಕೋಶಗಳು ಹೀಗೆ ಕೆಲಸ ಮಾಡುತ್ತವೆ ಎಂದು ಖಚಿತವಾದದ್ದು 2002ರ ಸುಮಾರಿಗೆ, ಅಂದರೆ ನಾನು ಕಾಲೇಜಿನಲ್ಲಿ ಓದುತ್ತಿದ್ದ ಪುಸ್ತಕದಲ್ಲಿ ಈ ಪಾಠವೇ ಇರಲಿಲ್ಲ.

ಮಿದುಳಿನಲ್ಲಿ ಈ ಸುದ್ದಿಯನ್ನು ಪಡೆಯುವುದು ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು. ಅದೇ ಮೈಯ ಮುಖ್ಯ ಗಡಿಯಾರ. ಅದರ ಸುತ್ತು 24 ಗಂಟೆಗಿಂತ ಚೂರು ಜಾಸ್ತಿ, ಸರಾಸರಿ 24.2 ಗಂಟೆ. ದಿನಾ ತಿದ್ದದಿದ್ದರೆ ದಿನಾ ಸ್ವಲ್ಪ ಹಿಂದೆ ಬೀಳುತ್ತದೆ. ತಿದ್ದುವುದು ಬೆಳಗಿನ ಬೆಳಕು. ರಾತ್ರಿಯ ಬೆಳಕು ಇನ್ನೂ ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ನಿದ್ದೆ ಬರುತ್ತಿಲ್ಲ ಎಂದು ಬಂದವರಿಗೆ ನಾನು ಮೊದಲು ಕೇಳುವುದು ರಾತ್ರಿಯ ಬಗ್ಗೆ ಅಲ್ಲ. ಬೆಳಿಗ್ಗೆ ಎದ್ದ ಮೇಲೆ ಮಗು ಎಷ್ಟು ಹೊತ್ತಿಗೆ ಹೊಸ್ತಿಲು ದಾಟುತ್ತದೆ ಎಂದು ಕೇಳುತ್ತೇನೆ.

ಕೋಶಗಳ ಒಳಗೆ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಸಿಕ್ಕಿತು. ಅವರು ಪ್ರಯೋಗ ಮಾಡಿದ್ದು ಹಣ್ಣಿನ ನೊಣದ ಮೇಲೆ. ಬಾಳೆಹಣ್ಣಿನ ಗೊನೆ ಸುತ್ತ ಹಾರುತ್ತವಲ್ಲ, ಅಂಥವೇ.

ಮಳೆಗಾಲದಲ್ಲಿ ಮೂರು ತಿಂಗಳು ಸೂರ್ಯನೇ ಕಾಣಲ್ಲ. ಎಲ್ಲಿಂದ ತರೋದು ಬೆಳಕು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ ಕೊಡುವ ಮೊದಲು ನಾನೇ ಅಳೆದು ನೋಡಿದೆ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಿರು ಬಿಸಿಲಿನ ಬಯಲಲ್ಲಿ ಒಂದು ಲಕ್ಷ ಲಕ್ಸ್ ಇರುತ್ತದೆ. ಹುಣ್ಣಿಮೆ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಎಂಟೂವರೆ. ಕಕ್ಕಡದ ಮಳೆ ಧೋ ಎಂದು ಸುರಿಯುತ್ತಿತ್ತು. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಮನೆಯಲ್ಲಿ ಓಡಾಡಿದೆ. ಅಡುಗೆಮನೆಯ ಒಲೆ ಹತ್ತಿರ 40. ಟ್ಯೂಬ್‌ಲೈಟ್ ಹಾಕಿದ ಓದುವ ಮೇಜಿನ ಮೇಲೆ 150. ಜಗಲಿಗೆ ಬಂದು ಮಳೆಗೆ ಎದುರಾಗಿ ಹಿಡಿದರೆ 2,000 ದಾಟಿತು. ಕೊಡೆ ಹಿಡಿದು ಅಂಗಳದ ನಡುವೆ ನಿಂತು, ಮೊಬೈಲನ್ನು ಕೊಡೆಯಂಚಿನಿಂದ ಸ್ವಲ್ಪ ಆಚೆ ಚಾಚಿದರೆ ಇನ್ನೂ ಮೇಲೆ ಹೋಯಿತು. ಮೊಬೈಲಿನ ಲೆಕ್ಕ ತೀರಾ ಕರಾರುವಾಕ್ಕಲ್ಲ, ಒಪ್ಪುತ್ತೇನೆ. ಆದರೆ ಮೇಜಿಗೂ ಜಗಲಿಗೂ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇರುವಾಗ ಕರಾರುವಾಕ್ಕು ಬೇಕಾಗಿಲ್ಲ. ನಮ್ಮ ಕಣ್ಣು ಮಬ್ಬಿಗೆ ಹೊಂದಿಕೊಂಡು, ಒಳಗೂ ಸಾಕಷ್ಟು ಬೆಳಕಿದೆ ಎಂದು ನಮ್ಮನ್ನು ನಂಬಿಸಿಬಿಡುತ್ತದೆ.

ಹಾಗಾಗಿ ಮಳೆಗಾಲದಲ್ಲಿ ಮಾಡಬೇಕಾದ್ದು ಇಷ್ಟೇ. ಎದ್ದ ಒಂದು ಗಂಟೆಯೊಳಗೆ ಮಗು ಜಗಲಿಯಲ್ಲಿ ಕೂರಲಿ. ಬಿಸಿಲಿದ್ದರೆ 15 ನಿಮಿಷ ಸಾಕು, ಮೋಡವಿದ್ದರೆ ಅರ್ಧ ಗಂಟೆ. ಹಲ್ಲುಜ್ಜುವುದು, ರೊಟ್ಟಿ ತಿನ್ನುವುದು, ಶೂ ಕಟ್ಟುವುದು, ಪದ್ಯ ಬಾಯಿಪಾಠ ಮಾಡುವುದು, ಎಲ್ಲವೂ ಅಲ್ಲೇ ಆಗಲಿ. ಚಳಿ ಅಂದರೆ ಸ್ವೆಟರ್ ಹಾಕಿ, ಒಳಗೆ ಕರೆಯಬೇಡಿ. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ಅವರಿಗೆ ಇದು ಸುಲಭ. ಭಾಗಮಂಡಲ, ಶಾಂತಳ್ಳಿ, ಮಡಿಕೇರಿ ಕಡೆಯವರು ಸ್ವಲ್ಪ ಹಠ ಹಿಡಿದು ಮಾಡಬೇಕು.

ತೋಟದ ನಡುವೆ ಮನೆ ಇದ್ದವರಿಗೆ ಇನ್ನೊಂದು ತೊಂದರೆ ಇದೆ. ಕಾಫಿಗೆ ನೆರಳು ಬೇಕೆಂದು ಬೆಳೆಸಿದ ಸಿಲ್ವರ್ ಓಕು, ಹಾಲುವಾಣ ಮನೆಗೂ ನೆರಳು ಕೊಡುತ್ತವೆ. ಅಂಥವರು ಕಾಫಿ ಒಣಗಿಸುವ ಕಣದಲ್ಲಿ ನಿಲ್ಲಲಿ. ಮನೆ ಹತ್ತಿರ ಆಕಾಶ ಪೂರ್ತಿ ಕಾಣುವ ಜಾಗ ಅದೊಂದೇ ಇರುತ್ತದೆ. ಮಳೆಗಾಲದಲ್ಲಿ ಕಣ ಖಾಲಿಯೂ ಇರುತ್ತದೆ. ಪಾಚಿ ಕಟ್ಟಿ ಜಾರುತ್ತದೆ, ನೋಡಿಕೊಂಡು ನಡೆಯಬೇಕು.

ಬೆಳಿಗ್ಗೆ ವಾಕಿಂಗ್ ಕಳಿಸಿ ಅಂತೀರಿ. ನಮ್ಮ ಕಡೆ ಆನೆ ಇದೆಯಲ್ಲ ಮೇಡಂ!

ವಾಕಿಂಗ್ ಬೇಡವೇ ಬೇಡ. ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ, ಕುಟ್ಟ ಕಡೆಯ ತೋಟದ ದಾರಿಯಲ್ಲಿ ಮಬ್ಬುಗತ್ತಲೆಯಲ್ಲಿ ಮಕ್ಕಳನ್ನು ಒಂಟಿಯಾಗಿ ಕಳಿಸಬಾರದು. ನಿದ್ದೆಗಿಂತ ಜೀವ ದೊಡ್ಡದು. ಪೂರ್ತಿ ಬೆಳಗಾಗುವವರೆಗೆ ಕಾದು, ಗೇಟಿನ ಒಳಗೇ ಇದ್ದರೆ ಸಾಕು. ಗಡಿಯಾರ ತಿದ್ದಲು ನಡಿಗೆ ಬೇಕಿಲ್ಲ, ಕಣ್ಣಿಗೆ ಆಕಾಶ ಬಿದ್ದರೆ ಆಯಿತು. ಸೂರ್ಯನನ್ನೇ ದಿಟ್ಟಿಸಿ ನೋಡುವುದಂತೂ ಬೇಡ.

ಮನೆಯ ಹತ್ತಿರ ಎಲ್ಲೂ ಆಗದಿದ್ದರೆ ಶಾಲೆಯ ಮೈದಾನ ಇದೆ. ಬಸ್ ಇಳಿದು ಬೆಲ್ ಹೊಡೆಯುವವರೆಗಿನ ಇಪ್ಪತ್ತು ನಿಮಿಷ ಮಕ್ಕಳು ತರಗತಿಯೊಳಗೆ ನುಗ್ಗದೆ ಹೊರಗೆ ಇರಲಿ.

ನಮ್ಮ ಕಡೆ ಸೂರ್ಯ ತಡವಾಗಿ ಹುಟ್ಟುತ್ತಾನೆ ಅನ್ನೋದು ನಿಜಾನಾ?

ಗಡಿಯಾರದ ಲೆಕ್ಕದಲ್ಲಿ ನಿಜ. ಭಾರತದ ಸಮಯ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಮಡಿಕೇರಿ ಇರುವುದು ಸುಮಾರು 75.7ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಾವು ಸುಮಾರು 27 ನಿಮಿಷ ಹಿಂದಿದ್ದೇವೆ. ಜನವರಿ ಕೊನೆಯಲ್ಲಿ ಇಲ್ಲಿ ಸೂರ್ಯೋದಯ 6.50 ದಾಟುತ್ತದೆ. ಬೆಟ್ಟದ ಮರೆ, ಮಂಜು ಸೇರಿದರೆ ಇನ್ನೂ ತಡ. ಆರಕ್ಕೆ ಎದ್ದ ಮಗುವಿಗೆ ಆಗ ಹೊರಗೆ ಕಾಣುವುದು ರಾತ್ರಿಯೇ. ಅದು ಕಷ್ಟಪಟ್ಟು ಏಳುತ್ತಿದ್ದರೆ ಅಚ್ಚರಿಯಿಲ್ಲ.

ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಾಲದಾ?

ಏನೂ ಇಲ್ಲದ್ದಕ್ಕಿಂತ ಒಳ್ಳೆಯದು. ಗಾಜಿನ ಮೂಲಕ ಬಂದ ಬೆಳಕೂ ಮೈಯ ಗಡಿಯಾರಕ್ಕೆ ತಾಗುತ್ತದೆ. ಆದರೆ ಕಿಟಕಿಯಿಂದ ಎರಡು ಬೆಂಚು ದೂರ ಹೋದರೆ ಬೆಳಕು ಥಟ್ಟನೆ ಇಳಿಯುತ್ತದೆ. ವಿಟಮಿನ್ ಡಿ ಮಾತ್ರ ಗಾಜಿನ ಹಿಂದೆ ಸಿಗುವುದಿಲ್ಲ, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ಕೆಲವು ವರ್ಷದ ಹಿಂದೆ ಮೊದಲ ಪೀರಿಯಡ್ಡಿನಲ್ಲಿ ಮಲಗಿದ್ದ ಒಂಬತ್ತನೇ ಕ್ಲಾಸಿನ ಹುಡುಗನನ್ನು ಎಬ್ಬಿಸಿ ವರಾಂಡದಲ್ಲಿ ನಿಲ್ಲಿಸಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಅವನ ಮುಖವೇ ಬೇರೆ. ಕಣ್ಣು ತೆರೆದಿತ್ತು, ಒಳಗಿನ ಪಾಠಕ್ಕೆ ಅಲ್ಲಿಂದಲೇ ಕಿವಿ ಕೊಟ್ಟು ಕೇಳುತ್ತಿದ್ದ. ಆಮೇಲೆ ತಿಳಿಯಿತು, ಬಸ್ಸಿಗೆ ಬರಲು ಅವನು ಐದಕ್ಕೇ ಏಳುತ್ತಿದ್ದ. ಅವನಿಗೆ ಬೇಕಿದ್ದದ್ದು ಶಿಕ್ಷೆ ಅಲ್ಲ, ಬೆಳಕು. ಅವತ್ತಿನಿಂದ ಮೊದಲ ಪೀರಿಯಡ್ ಇದ್ದಾಗ ಹತ್ತು ನಿಮಿಷದ ಪಾಠ ನಾನು ವರಾಂಡದಲ್ಲೇ ಮಾಡುತ್ತೇನೆ. ಎಲ್ಲರೂ ನಿಂತು, ಮೈದಾನಕ್ಕೆ ಮುಖ ಮಾಡಿ.

ಬೆಳಕಿನಿಂದ ಬೇರೆ ಏನಾದ್ರೂ ಲಾಭ ಇದೆಯಾ?

ಕಣ್ಣಿಗೆ ಇದೆ. ಹೊರಗೆ ಹೆಚ್ಚು ಹೊತ್ತು ಇರುವ ಮಕ್ಕಳಿಗೆ ದೂರದ್ದು ಮಸುಕಾಗುವ ದೋಷ ಕಡಿಮೆ ಬರುತ್ತದೆ. ಚೀನಾದ ಗುವಾಂಗ್‌ಝೌ ನಗರದ ಕೆಲವು ಶಾಲೆಗಳಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೊರಗಿನ ಚಟುವಟಿಕೆ ಹೆಚ್ಚಿಸಿ ಮೂರು ವರ್ಷ ನೋಡಿದರು. ಮಾಮೂಲಿ ಶಾಲೆಗಳಲ್ಲಿ ಶೇ. 39.5 ಮಕ್ಕಳಿಗೆ ಈ ದೋಷ ಬಂದರೆ, ಹೊರಗೆ ಆಡಿದವರಲ್ಲಿ ಶೇ. 30.4. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ತಮ್ಮ ತಂಗಿಯರು ಇದ್ದರೆ ಅವರನ್ನೂ ಜಗಲಿಗೆ ಕರೆದುಕೊಳ್ಳಿ.

## ಮನೆಯೊಳಗಿನ ವಿಷಯ

ಬೆಲ್ಲದ ಕಾಫಿ ಕುಡಿದೇ ಬೆಳೆದವರು ನಾವು. ಅದನ್ನೂ ನಿಲ್ಲಿಸಬೇಕಾ?

ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿ ಬೇಡ ಎನ್ನುವ ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಆದರೆ ಹೊತ್ತು ನೋಡಿ ಕೊಡಿ. ಕಾಫಿಯಲ್ಲಿ ನಿದ್ದೆ ಓಡಿಸುವ ಅಂಶ ಕೆಫೀನ್, ಕುಡಿದದ್ದರಲ್ಲಿ ಅರ್ಧ ಮೈಯಿಂದ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಐದಕ್ಕೆ ಶಾಲೆಯಿಂದ ಬಂದು ಕುಡಿದ ಲೋಟದ ಕೆಫೀನಿನಲ್ಲಿ ಅರ್ಧದಷ್ಟು, ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ.

ರೊಬಸ್ಟಾ ಬೀಜದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇದೆ. ನಮ್ಮಲ್ಲಿ ಮನೆಬಳಕೆಗೆ ಇಟ್ಟುಕೊಳ್ಳುವುದು ಎಷ್ಟೋ ಸಲ ರೊಬಸ್ಟಾ ಪುಡಿಯೇ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹದಿಹರೆಯದವರಿಗೆ ದಿನಕ್ಕೆ 100 ಮಿಲಿಗ್ರಾಂ ದಾಟದಿರಲಿ ಎಂದು ವೈದ್ಯರು ಹೇಳುತ್ತಾರೆ. ಒಂದು ದೊಡ್ಡ ಲೋಟ ಗಟ್ಟಿ ಕಾಫಿಗೇ ಅದು ಮುಗಿಯಬಹುದು. ಆದ್ದರಿಂದ ಬೆಳಿಗ್ಗೆ ಒಂದು ಸಣ್ಣ ಲೋಟ, ಮಧ್ಯಾಹ್ನದ ಮೇಲೆ ಇಲ್ಲ. ಸಂಜೆಗೆ ಬೆಲ್ಲ, ಶುಂಠಿ, ಕಾಳುಮೆಣಸು ಹಾಕಿ ಕುದಿಸಿದ ಕಷಾಯ ಕೊಡಿ, ಮಳೆಗೂ ಹಿತ. ಅಂಗಡಿಯ ಎನರ್ಜಿ ಡ್ರಿಂಕ್ ಮಾತ್ರ ಮನೆಗೇ ತರಬೇಡಿ. ಮಕ್ಕಳಿಗಲ್ಲ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ.

ಮೊಬೈಲ್ ಕಿತ್ತಿಟ್ಟರೆ ಎಲ್ಲಾ ಸರಿ ಹೋಗುತ್ತಾ?

ಕಿತ್ತಿಟ್ಟರೆ ಜಗಳ ಆಗುತ್ತದೆ, ಜಗಳ ಆದ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ಮೊಬೈಲಿನ ನೀಲಿ ಬೆಳಕನ್ನು ಜನ ಬೇಕಿದ್ದಕ್ಕಿಂತ ಜಾಸ್ತಿ ಬೈಯುತ್ತಾರೆ. ಆ ಪರದೆಯ ಬೆಳಕು ತೀರಾ ಕಡಿಮೆ. ಹಗಲಿಡೀ ಹೊರಗೆ ಇದ್ದು ಬಂದವರಿಗೆ ಅದರ ಪರಿಣಾಮ ಇನ್ನೂ ಕಡಿಮೆ. ನಿಜವಾಗಿ ನಿದ್ದೆ ತಿನ್ನುವುದು ಬೆಳಕಲ್ಲ, ಮುಗಿಯದ ರೀಲ್ಸು, ಮುಗಿಯದ ಗೇಮು, ಗೆಳೆಯರು ಏನು ಹೇಳಿದರೋ ಎಂಬ ಕಾತರ. ಹಾಗಾಗಿ ನೀಲಿ ತಡೆಯುವ ಕನ್ನಡಕಕ್ಕೆ ದುಡ್ಡು ಹಾಕಬೇಡಿ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಚಾರ್ಜರ್ ಇರುವುದು ಊಟದ ಕೋಣೆಯಲ್ಲಿ ಮಾತ್ರ. ಒಂಬತ್ತೂವರೆಗೆ ಎಲ್ಲರ ಮೊಬೈಲೂ ಅಲ್ಲಿ ಸಾಲಾಗಿ ಮಲಗುತ್ತದೆ, ನನ್ನದೂ, ಯಜಮಾನರದೂ. ಅಪ್ಪ ಅಮ್ಮನ ಮೊಬೈಲ್ ಆ ಸಾಲಿನಲ್ಲಿ ಇಲ್ಲದಿದ್ದರೆ ಈ ಪದ್ಧತಿ ಎರಡು ದಿನವೂ ನಡೆಯುವುದಿಲ್ಲ. ಅಲಾರಂಗೆ ಸಣ್ಣ ಟೈಂಪೀಸ್ ತಂದುಕೊಡಿ.

ಮಳೆಗೆ ರಜೆ ಸಿಕ್ಕರೆ ಹನ್ನೊಂದರವರೆಗೂ ಮಲಗ್ತಾರೆ. ಬಿಡಲಾ?

ಜುಲೈ ರಾತ್ರಿಗಳು ಎಲ್ಲರಿಗೂ ಗೊತ್ತು. ಜಿಲ್ಲಾಧಿಕಾರಿ ರಜೆ ಕೊಟ್ಟರಾ ಎಂದು ಹತ್ತು ನಿಮಿಷಕ್ಕೊಮ್ಮೆ ಗ್ರೂಪ್ ನೋಡುವುದು, ರಜೆ ಎಂದು ಗೊತ್ತಾದ ಕೂಡಲೇ ಹುರ್ರೇ ಎಂದು ಒಂದು ಗಂಟೆವರೆಗೆ ಎಚ್ಚರ ಇರುವುದು. ಮರುದಿನ ಹನ್ನೊಂದಕ್ಕೆ ಎದ್ದರೆ ಬೆಳಗಿನ ಬೆಳಕು ಪೂರ್ತಿ ಹೋಯಿತು. ಎರಡು ಮೂರು ರಜೆ ಒಟ್ಟಿಗೆ ಬಂದರೆ ಮೈಯ ಗಡಿಯಾರ ಎರಡು ಗಂಟೆ ಜಾರಿ, ಶಾಲೆ ತೆರೆದ ದಿನ ಮಗು ಬೇರೆ ದೇಶದಿಂದ ಬಂದಿಳಿದ ಹಾಗೆ ಇರುತ್ತದೆ.

ಒಂದು ಗಂಟೆ ಜಾಸ್ತಿ ಮಲಗಲು ಬಿಡಿ, ಅದು ಸಾಲ ತೀರಿಸಲು ಬೇಕು. ಆಮೇಲೆ ಕರ್ಟನ್ ಸರಿಸಿ, ಜಗಲಿಗೆ ಕರೆಯಿರಿ. ಇನ್ನೂ ಸುಸ್ತು ಇದ್ದರೆ ಊಟದ ನಂತರ ಅರ್ಧ ಗಂಟೆ ಮಲಗಲಿ. ಭಾನುವಾರಕ್ಕೂ ಇದೇ ಲೆಕ್ಕ.

ಮಗಳು ಶಾಲೆಯಿಂದ ಬಂದವಳೇ ಏಳರವರೆಗೂ ಮಲಗಿಬಿಡ್ತಾಳೆ. ಎಬ್ಬಿಸಲಾ?

ಎಬ್ಬಿಸಿ. ಮಧ್ಯಾಹ್ನ ನಾಲ್ಕರ ಒಳಗಾದರೆ 20ರಿಂದ 30 ನಿಮಿಷದ ನಿದ್ದೆ ಒಳ್ಳೆಯದು. ಐದರಿಂದ ಏಳರವರೆಗಿನ ನಿದ್ದೆ ಮಾತ್ರ ರಾತ್ರಿಯ ನಿದ್ದೆಯನ್ನೇ ಮುಂಗಡವಾಗಿ ಖರ್ಚು ಮಾಡಿದ ಹಾಗೆ. ಬಂದ ತಕ್ಷಣ ತಿಂಡಿ ಕೊಟ್ಟು, ಬೆಳಕಿರುವಾಗಲೇ ಹೊರಗೆ ಏನಾದರೂ ಕೆಲಸ ಹೇಳಿ. ಹದಿನೈದು ದಿನದಲ್ಲಿ ರಾತ್ರಿ ಹತ್ತಕ್ಕೆ ಅವಳೇ ಮಲಗಲು ಹೋಗುತ್ತಾಳೆ.

ಎಸ್ಸೆಸ್ಸೆಲ್ಸಿ ಹತ್ತಿರ ಬಂತು. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಓದಿಸ್ತೀನಿ. ತಪ್ಪಾ?

ರಾತ್ರಿ ಎಂಟಕ್ಕೆ ನಿದ್ದೆ ಹೋಗುವ ಮಗುವಾದರೆ ತಪ್ಪಿಲ್ಲ. ಆದರೆ ಅಂಥ ಹದಿನಾರರ ಮಗುವನ್ನು ನಾನು ಕಂಡದ್ದು ಕಡಿಮೆ. ಹನ್ನೊಂದಕ್ಕೆ ಮಲಗಿಸಿ ನಾಲ್ಕಕ್ಕೆ ಎಬ್ಬಿಸಿದರೆ ಸಿಗುವುದು 5 ಗಂಟೆ. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ, ಕನಸಿನ ನಿದ್ದೆ ಹೆಚ್ಚಾಗಿ ಕೊನೆಯ ಭಾಗದಲ್ಲಿ ಇರುತ್ತದೆ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ಎರಡೂ ಬೇಕು. ನಾಲ್ಕಕ್ಕೆ ಎಬ್ಬಿಸಿದಾಗ ನೀವು ಕಿತ್ತುಕೊಳ್ಳುವುದು ಕನಸಿನ ನಿದ್ದೆಯ ದೊಡ್ಡ ಪಾಲನ್ನೇ.

ನಮ್ಮ ಹಿರಿಯರು ಬ್ರಾಹ್ಮಿ ಮುಹೂರ್ತ ಎಂದದ್ದು ಕತ್ತಲಾದ ಕೂಡಲೇ ಮಲಗಿದವರಿಗೆ. ಪರೀಕ್ಷೆಯ ತಿಂಗಳಲ್ಲೂ ಎಂಟು ಗಂಟೆ ನಿದ್ದೆ ಬಿಡಿಸಬೇಡಿ. ಕಷ್ಟದ ಪಾಠವನ್ನು ಸಂಜೆ ಓದಿ, ಮಲಗಿ ಎದ್ದು ಬೆಳಿಗ್ಗೆ ಒಮ್ಮೆ ತಿರುವಿ ಹಾಕಿದರೆ ಚೆನ್ನಾಗಿ ಉಳಿಯುತ್ತದೆ.

ನಮ್ಮದು ಲೈನ್ ಮನೆ. ಒಂದೇ ರೂಮು, ಒಂದೇ ಲೈಟು. ನಾವೇನು ಮಾಡೋದು?

ಇದನ್ನು ಕೇಳಿದ ತಾಯಿ ಕಾಫಿ ಕುಯ್ಯಲು ಹೋಗುವವರು, ಇರುವುದು ತೋಟದ ಕೆಲಸದವರ ಸಾಲು ಮನೆಯಲ್ಲಿ. ಬೇರೆ ಕೋಣೆ, ಕರ್ಟನ್ ಎಂದೆಲ್ಲ ಹೇಳುವವರಿಗೆ ಅವರ ಪ್ರಶ್ನೆ ಸದಾ ನೆನಪಿರಬೇಕು ಎಂದು ನನಗೆ ಅನ್ನಿಸುತ್ತದೆ. ಅವರ ಜೊತೆ ಕೂತು ಯೋಚಿಸಿದ್ದು ಇದು. ಒಂಬತ್ತರ ಮೇಲೆ ಟ್ಯೂಬ್‌ಲೈಟ್ ಆರಿಸಿ ಕಡಿಮೆ ವ್ಯಾಟಿನ ಹಳದಿ ಬಲ್ಬ್ ಹಾಕುವುದು, ಅದೂ ಒಲೆಯ ಕಡೆ, ಮಲಗುವವರ ಬೆನ್ನ ಹಿಂದೆ. ಮಗಳು ಗೋಡೆಗೆ ಮುಖ ಮಾಡಿ, ಕಣ್ಣಿನ ಮೇಲೆ ಮಡಿಸಿದ ಹತ್ತಿ ಬಟ್ಟೆ ಹಾಕಿಕೊಂಡು ಮಲಗುವುದು. ಟಿವಿಯ ಸದ್ದು ಒಂಬತ್ತೂವರೆಗೆ ಬಂದ್, ಇದಕ್ಕೆ ತಂದೆ ಒಪ್ಪಿದರು. ಹೋಂವರ್ಕ್ ಶಾಲೆಯಲ್ಲೇ ಮುಗಿಸಿ ಬರಲು ನಾವು ಒಂದು ಕೋಣೆ ತೆರೆದಿಟ್ಟೆವು.

ಬೆಳಕಿನ ವಿಷಯದಲ್ಲಿ ಈ ಮಕ್ಕಳು ಹಿಂದಿಲ್ಲ. ಬೆಳಿಗ್ಗೆ ನೀರು ಹಿಡಿಯಲು, ಪಾತ್ರೆ ತೊಳೆಯಲು ಅವರು ಹೊರಗೇ ಇರುತ್ತಾರೆ. ಅವರಿಗೆ ಕಡಿಮೆ ಇರುವುದು ಕತ್ತಲೆ ಮತ್ತು ಸದ್ದಿಲ್ಲದ ರಾತ್ರಿ. ತೋಟದ ಮಾಲೀಕರು ಓದುತ್ತಿದ್ದರೆ ನನ್ನದೊಂದು ಕೋರಿಕೆ: ಲೈನ್ ಮನೆ ರಿಪೇರಿ ಮಾಡಿಸುವಾಗ ಒಳಗೆ ಒಂದು ಅಡ್ಡಗೋಡೆ, ಅದರ ಆಚೆಗೆ ಇನ್ನೊಂದು ಬಲ್ಬಿನ ಪಾಯಿಂಟ್ ಹಾಕಿಸಿ. ಖರ್ಚು ದೊಡ್ಡದಲ್ಲ.

## ಸ್ವಲ್ಪ ಆಳಕ್ಕೆ ಹೋದವರ ಪ್ರಶ್ನೆಗಳು

ಪಿಯುಸಿ ಮುಗಿದ ಮೇಲೆ ಮಗ ಮೂರಕ್ಕೆ ಮಲಗಿ ಹನ್ನೊಂದಕ್ಕೆ ಏಳ್ತಾನೆ. ನಾಳೆಯಿಂದಲೇ ಐದಕ್ಕೆ ಎಬ್ಬಿಸಲಾ?

ಬೇಡ. ಅದು ಉಲ್ಟಾ ಹೊಡೆಯಬಹುದು. ಮೈಯ ಬಿಸಿ ರಾತ್ರಿ ಒಂದು ಹಂತದಲ್ಲಿ ಅತಿ ಕಡಿಮೆಗೆ ಇಳಿಯುತ್ತದೆ, ತಾನಾಗಿ ಏಳುವ ಹೊತ್ತಿಗೆ ಸುಮಾರು ಎರಡು ಮೂರು ಗಂಟೆ ಮೊದಲು. ಆ ಹಂತದ ನಂತರ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ ಎಳೆಯುತ್ತದೆ, ಅಂದರೆ ಮರುದಿನ ಬೇಗ ನಿದ್ದೆ. ಅದಕ್ಕೂ ಮೊದಲು ಬಿದ್ದ ಬೆಳಕು ಇನ್ನೂ ತಡ ಮಾಡುತ್ತದೆ. ಹನ್ನೊಂದಕ್ಕೆ ಏಳುವ ಹುಡುಗನಿಗೆ ಆ ಹಂತ ಬರುವುದು ಬೆಳಿಗ್ಗೆ ಎಂಟು ಒಂಬತ್ತರ ನಡುವೆ. ಅವನ ಮೈಗೆ ಐದು ಗಂಟೆ ಎಂದರೆ ನಡುರಾತ್ರಿಯೇ.

ಮೊದಲ ಎರಡು ದಿನ ಹತ್ತೂವರೆಗೆ ಎಬ್ಬಿಸಿ, ಕೂಡಲೇ ಅರ್ಧ ಗಂಟೆ ಬಯಲಿನ ಬೆಳಕು. ಆಮೇಲೆ ಎರಡು ದಿನಕ್ಕೊಮ್ಮೆ ಅರ್ಧ ಗಂಟೆಯಂತೆ ಇನ್ನೂ ಬೇಗ ಎಬ್ಬಿಸುತ್ತಾ ಬನ್ನಿ. ಮಲಗುವ ಹೊತ್ತನ್ನು ಬಲವಂತ ಮಾಡಬೇಡಿ, ಏಳುವ ಹೊತ್ತು ಮಾತ್ರ ಗಟ್ಟಿಯಾಗಿ ಹಿಡಿಯಿರಿ. ರಾತ್ರಿ ದೀಪ ಮಂದ ಇರಲಿ. ಏಳಕ್ಕೆ ತಲುಪಲು ಎರಡು ಮೂರು ವಾರ ಬೇಕಾದೀತು. ನಡುವೆ ಒಂದು ದಿನ ತಪ್ಪಿದರೆ ಬೈಯದೆ ಮರುದಿನ ಅಲ್ಲಿಂದಲೇ ಮುಂದುವರಿಸಿ.

ಮಡಿಕೇರಿ ದಸರಾ ರಾತ್ರಿ ಮಂಟಪ ನೋಡೋಕೆ ಇಡೀ ರಾತ್ರಿ ಎಚ್ಚರ ಇರ್ತಾರೆ. ತೊಂದರೆ ಆಗುತ್ತಾ?

ವರ್ಷಕ್ಕೆ ಒಂದು ರಾತ್ರಿ ದಶಮಂಟಪ ನೋಡದ ಬಾಲ್ಯ ಬೇಡ. ಹೋಗಲಿ. ಅವತ್ತು ಮಧ್ಯಾಹ್ನ ಒಂದೂವರೆ ಗಂಟೆ ಮಲಗಿಸಿ ಕಳಿಸಿ. ಮರುದಿನ ಬೆಳಿಗ್ಗೆ ಮೂರು ನಾಲ್ಕು ಗಂಟೆ ಮಲಗಿ ಏಳಲಿ, ರಾತ್ರಿ ಬೇಗ ಮಲಗಲಿ. ಒಂದೇ ಒಂದು ಕಟ್ಟುನಿಟ್ಟು: ರಾತ್ರಿಯೆಲ್ಲ ಎಚ್ಚರ ಇದ್ದವರು ಬೆಳಗಿನ ಜಾವ ಬೈಕ್ ಅಥವಾ ಜೀಪ್ ಓಡಿಸಬಾರದು. ಘಾಟ್ ರಸ್ತೆ, ಮಂಜು, ನಿದ್ದೆಗಣ್ಣು ಮೂರೂ ಸೇರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಕಿ ಪ್ರಾಕ್ಟೀಸ್ ಬೆಳಿಗ್ಗೆ ಐದೂವರೆಗೆ ಇದೆ. ಬಿಡಿಸಲಾ?

ಹಾಕಿ ಬಿಡಿಸಬೇಡಿ, ರಾತ್ರಿಯ ಟ್ಯೂಷನ್ ಬಿಡಿಸಿ. ಒಂಬತ್ತಕ್ಕೆ ಮಲಗಲು ಆಗುವುದಾದರೆ ಬೆಳಗಿನ ಆಟ, ಬೆಳಕು ಎರಡೂ ನಿದ್ದೆಗೆ ಒಳ್ಳೆಯದು. ಆಗದಿದ್ದರೆ ಕೋಚ್ ಹತ್ತಿರ ಮಾತಾಡಿ, ಆರೂವರೆಗೋ ಸಂಜೆಗೋ ಬದಲಾಯಿಸಲು ಕೇಳಿ. ನಿದ್ದೆ ಕಡಿಮೆಯಾದ ಆಟಗಾರರಿಗೆ ಗಾಯ ಜಾಸ್ತಿ ಆಗುತ್ತದೆ ಎಂದು ಹೇಳಿದರೆ ಒಳ್ಳೆಯ ಕೋಚ್ ಖಂಡಿತ ಕೇಳುತ್ತಾರೆ.

ಶಾಲೆಯನ್ನೇ ತಡವಾಗಿ ಶುರು ಮಾಡಿದ್ರೆ ಆಗಲ್ವಾ?

ಬೇರೆ ಕಡೆ ಮಾಡಿ ನೋಡಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2016ರಲ್ಲಿ ಹೈಸ್ಕೂಲ್ ಶುರುವಾಗುವ ಹೊತ್ತನ್ನು 7.50ರಿಂದ 8.45ಕ್ಕೆ ಬದಲಿಸಿದರು. ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ ಎಂದು ಹೆದರಿದ್ದವರಿದ್ದರು. ಹಾಗಾಗಲಿಲ್ಲ, ರಾತ್ರಿ ನಿದ್ದೆ 34 ನಿಮಿಷ ಹೆಚ್ಚಾಯಿತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2022ರಿಂದ ಹೈಸ್ಕೂಲುಗಳು ಎಂಟೂವರೆಗೆ ಮೊದಲು ಶುರುವಾಗುವಂತಿಲ್ಲ ಎಂಬ ಕಾನೂನು ಇದೆ.

ನಮ್ಮ ತೊಂದರೆ ಬೇರೆ. ಇಲ್ಲಿ ಬೆಲ್ ತಡವಾಗಿಯೇ ಹೊಡೆಯುತ್ತದೆ, ಬಸ್ ಬೇಗ ಬರುತ್ತದೆ. ಊರೂರು ಸುತ್ತಿ ಬರುವ ಬಸ್ಸಿಗೆ ಮೊದಲು ಹತ್ತುವ ಮಗು ಕೊನೆಗೆ ಹತ್ತುವ ಮಗುವಿಗಿಂತ ಒಂದು ಗಂಟೆ ಮೊದಲೇ ಏಳಬೇಕು. ವರ್ಷದ ನಡುವೆ ಬಸ್ ಸುತ್ತುವ ದಿಕ್ಕನ್ನು ತಿರುಗಿಸಿದರೆ ಆ ಕಷ್ಟ ಹಂಚಿಹೋಗುತ್ತದೆ. ಪೋಷಕರು ಒಟ್ಟಾಗಿ ಕೇಳಿದರೆ ಆಗುವ ಕೆಲಸ.

ಮೆಲಟೋನಿನ್ ಮಾತ್ರೆ ಮೆಡಿಕಲ್ ಶಾಪಲ್ಲಿ ಸಿಗುತ್ತಂತೆ. ಕೊಡಲಾ?

ನೀವಾಗಿ ಕೊಡಬೇಡಿ. ಅದು ನಿದ್ದೆ ಬರಿಸುವ ಮಾತ್ರೆ ಎನ್ನುವುದಕ್ಕಿಂತ ಗಡಿಯಾರ ಸರಿಸುವ ಮಾತ್ರೆ. ಎಷ್ಟು, ಎಷ್ಟು ಹೊತ್ತಿಗೆ ಎಂಬುದು ತಪ್ಪಿದರೆ ಪ್ರಯೋಜನ ಇಲ್ಲ. ಕೆಲವು ಮಕ್ಕಳಿಗೆ ನಿಜಕ್ಕೂ ಬೇಕಾಗುತ್ತದೆ, ಅದನ್ನು ಡಾಕ್ಟರು ನಿರ್ಧರಿಸಲಿ.

ಡಾಕ್ಟರ ಹತ್ತಿರ ಯಾವಾಗ ಕರ್ಕೊಂಡು ಹೋಗಬೇಕು?

ದಿನಾ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಮಲಗಿದಾಗ ಕಾಲು ಹರಿದಾಡಿದಂತಾಗಿ ಆಡಿಸುತ್ತಲೇ ಇರಬೇಕು ಅನ್ನಿಸುತ್ತದೆ ಎಂದರೆ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣದ ಅಂಶ ಕಡಿಮೆ ಇರಬಹುದು. ಮುಟ್ಟಾಗುವ ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ. ಎಂಟೊಂಬತ್ತು ಗಂಟೆ ಮಲಗಿಯೂ ಹಗಲೆಲ್ಲ ತೂಕಡಿಸುತ್ತಿದ್ದರೂ ತೋರಿಸಬೇಕು.

ಇನ್ನೊಂದನ್ನು ತಡ ಮಾಡಬೇಡಿ. ಎರಡು ವಾರದಿಂದ ನಿದ್ದೆ ಕೆಟ್ಟಿದೆ, ಜೊತೆಗೆ ಊಟ ಬೇಡ, ಆಟ ಬೇಡ, ಗೆಳೆಯರು ಬೇಡ, ಬದುಕೇ ಬೇಡ ಎಂಬಂಥ ಮಾತು ಬರುತ್ತಿದೆ ಎಂದರೆ ಅದು ಬರೀ ನಿದ್ದೆಯ ವಿಷಯ ಅಲ್ಲ. ಪರೀಕ್ಷೆ ಮುಗಿಯಲಿ, ಹಬ್ಬ ಮುಗಿಯಲಿ ಎಂದು ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗು ಒಬ್ಬಂಟಿಯಾಗಿ ಮಾತಾಡಲು ಬಯಸಿದರೆ ಫೋನ್ ಕೈಗೆ ಕೊಟ್ಟು ನೀವು ಸ್ವಲ್ಪ ಹೊತ್ತು ಅಂಗಳಕ್ಕೆ ಹೋಗಿ ನಿಲ್ಲಿ.